ಮೇಜಿನ ಮೇಲಿಟ್ಟ ಮಾತು

ಸಂಸತ್ತಿನ ಮೇಲ್ಮನೆಯಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದವರಿಗೆಲ್ಲ ನಾನು ಕೊಟ್ಟ ಉತ್ತರ ಒಂದೇ: ಅಲ್ಲಿ ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳುತ್ತಿದ್ದೆ. ಕೇಳಿದವರಲ್ಲಿ ಹೆಚ್ಚಿನವರು ಅಷ್ಟಕ್ಕೇ ಆಸಕ್ತಿ ಕಳೆದುಕೊಂಡು ‘ಓ, ಟೈಪಿಸ್ಟ್’ ಎಂದಿದ್ದಾರೆ. ಹಾಗೆಂದವರ ಮುಖಗಳು ನನಗೆ ಇಂದಿಗೂ ನೆನಪಿವೆ.

ಸಭಾಪತಿಗಳ ಪೀಠದ ಕೆಳಗೆ, ಅರ್ಧಚಂದ್ರಾಕಾರವಾಗಿ ಹರಡಿದ ಆಸನಗಳ ನಡುವೆ, ಒಂದು ದೊಡ್ಡ ಮೇಜಿದೆ. ಅದರ ಬದಿಗೆ ನಾವು ವರದಿಗಾರರು ಕುಳಿತು ಶೀಘ್ರಲಿಪಿಯಲ್ಲಿ ಬರೆಯುತ್ತಿದ್ದೆವು. ಒಬ್ಬನ ಸರದಿ ಮುಗಿಯುವ ಹೊತ್ತಿಗೆ ಇನ್ನೊಬ್ಬ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕುಳಿತಿರುತ್ತಿದ್ದ. ಕೈ ಬದಲಾಗುತ್ತಿತ್ತೇ ಹೊರತು ಮಾತು ತುಂಡಾಗುತ್ತಿರಲಿಲ್ಲ. ಸದಸ್ಯರು ನುಡಿದದ್ದು, ಮಂತ್ರಿಗಳು ತಡವರಿಸಿದ್ದು, ನಡುವೆ ಯಾರೋ ಕೂಗಿದ್ದು, ಎಲ್ಲವೂ ನಮ್ಮ ಪೆನ್ಸಿಲ್ಲಿನ ತುದಿಯಿಂದಲೇ ಕಾಗದಕ್ಕೆ ಇಳಿಯಬೇಕಿತ್ತು. ‘ಇದು ದಾಖಲೆಗೆ ಹೋಗುವುದಿಲ್ಲ’ ಎಂದು ಪೀಠದಿಂದ ಅಪ್ಪಣೆಯಾದ ಕ್ಷಣ ಪೆನ್ಸಿಲ್ ಮೇಲೇಳಬೇಕು. ಆಮೇಲೆ ಸದನದಲ್ಲಿ ಸಿಡಿಲೇ ಬಡಿದರೂ ಅದು ನಮ್ಮ ಪಾಲಿಗೆ ನಡೆದಿಲ್ಲ. ಈ ಶಿಸ್ತನ್ನು ನಾನು ವೃತ್ತಿಯುದ್ದಕ್ಕೂ ಮುರಿಯಲಿಲ್ಲ. ನನ್ನದೆಂದು ಒಂದು ಪದವನ್ನೂ ಆ ದಾಖಲೆಗೆ ಸೇರಿಸಲಿಲ್ಲ.

ಆ ಮನೆಯ ಎರಡು ಪದ್ಧತಿಗಳನ್ನು ಮೊದಲೇ ಹೇಳಿಬಿಡಬೇಕು. ಪ್ರತಿದಿನ ಮಂತ್ರಿಗಳು ಎದ್ದು, ಇಂತಿಂಥ ಕಾಗದಪತ್ರಗಳನ್ನು ಸದನದ ಮೇಜಿನ ಮೇಲೆ ಇಡುತ್ತೇನೆ ಎನ್ನುತ್ತಾರೆ. ಇಡುವುದಿಲ್ಲ. ನಿಂತಲ್ಲಿಂದ ಕದಲುವುದೂ ಇಲ್ಲ. ಇಟ್ಟೆನೆಂದರೆ ಇಟ್ಟಂತೆ. ಇನ್ನೊಂದು, ಒಬ್ಬ ಸದಸ್ಯರು ಯಾವುದೋ ಊರಿನ ಸಂಕಟವನ್ನು ಸದನದ ಮುಂದಿಟ್ಟಾಗ, ಅದನ್ನು ಒಪ್ಪುವವರು ಭಾಷಣ ಮಾಡುವಂತಿಲ್ಲ. ಎದ್ದು ‘ನಾನೂ ಜೊತೆಗೂಡುತ್ತೇನೆ’ ಎಂದಷ್ಟೇ ಹೇಳಿ ಕುಳಿತುಕೊಳ್ಳಬೇಕು. ಮುದ್ರಿತ ಸಂಪುಟದಲ್ಲಿ ಆ ಪ್ರಸ್ತಾಪದ ಕೆಳಗೆ ಅವರ ಹೆಸರುಗಳು ಸಾಲಾಗಿ ಬರುತ್ತವೆ. ಸದನದ ಗದ್ದಲದ ನಡುವೆ ನನಗೆ ಮನುಷ್ಯರ ಮಾತೆನಿಸುತ್ತಿದ್ದದ್ದು ಆ ಒಂದು ವಾಕ್ಯ ಮಾತ್ರ.

ಎರಡು ಸಾವಿರದ ಇಸವಿಯ ಆಚೀಚೆ ನಾನು ನಿವೃತ್ತನಾದೆ. ನನಗೆ ಸಂಸಾರವಿರಲಿಲ್ಲ. ಧಾರವಾಡದಲ್ಲಿ ನಮ್ಮದೆಂಬುದು ಏನೂ ಉಳಿದಿರಲಿಲ್ಲ. ನನ್ನ ಅಕ್ಕ ಗೋವೆಯ ಮ್ಹಾಪಸಾದಲ್ಲಿದ್ದಳು. ಭಾವನವರು ಬ್ಯಾಂಕಿನ ವರ್ಗಾವಣೆಯ ಮೇಲೆ ಅಲ್ಲಿಗೆ ಬಂದು, ಎರಡನೆಯ ಮಹಡಿಯ ಒಂದು ಫ್ಲ್ಯಾಟ್ ಕೊಂಡು, ಅದರ ಸುಖ ಉಣ್ಣುವ ಮೊದಲೇ ತೀರಿಕೊಂಡಿದ್ದರು. ಅಕ್ಕ ಫೋನಿನಲ್ಲಿ ಹೇಳಿದಳು:

“ದಿಲ್ಲ್ಯಾಗ ನಿನಗ ಯಾರ ಕಾಯಲಿಕ್ಕತ್ತಾರೋ? ಇಲ್ಲಿ ಬಾ. ಎರಡೂ ಹೊತ್ತು ಬಿಸಿ ಭಕ್ರಿ ಹಾಕ್ತೇನಿ. ಆದ್ರ ಯಾರು ಯಾವಾಗ ನಿನಗ ಏನಂದ್ರು ಅನ್ನೋ ಪುರಾಣ ಮಾತ್ರ ಊಟದ ಹೊತ್ತಿಗೆ ತಗೀಬ್ಯಾಡ.”

ನಾನು ಹೋದೆ. ಪುರಾಣವನ್ನು ಊಟದ ನಂತರಕ್ಕೆ ಇಟ್ಟುಕೊಂಡೆ.

ಅಕ್ಕ ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಮ್ಹಾಪಸಾದ ಪೇಟೆಯ ಹಿಂದೆ, ಒಬ್ಬ ಈರುಳ್ಳಿ ವ್ಯಾಪಾರಿಯ ಗೋದಾಮಿನ ಒಂದು ಕೋಣೆಯಲ್ಲಿ ಅವಳು ಕನ್ನಡದ ತರಗತಿ ನಡೆಸುತ್ತಿದ್ದಳು. ವಿಜಾಪುರ, ಬಾಗಲಕೋಟೆ ಕಡೆಯಿಂದ ಬಂದು ಕಟ್ಟಡಗಳಲ್ಲಿ ಕೆಂಪು ಕಲ್ಲು ಹೊರುವವರ, ಪೇಟೆಯಲ್ಲಿ ಹಮಾಲಿ ಮಾಡುವವರ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ತರಗತಿಗೆ ಮಾನ್ಯತೆ ಇರಲಿಲ್ಲ. ಗೋಡೆಗಳಿಗೆ ಈರುಳ್ಳಿಯ ವಾಸನೆ ಅಂಟಿಹೋಗಿತ್ತು. ಮಕ್ಕಳ ಪಾಟಿಗಳಿಗೂ, ಅಕ್ಕನ ಸೆರಗಿಗೂ. ನಮ್ಮ ಊರಿನ ರೂಢಿಯಂತೆ ಮಕ್ಕಳು ಅವಳನ್ನು ಅಕ್ಕೋರು ಎನ್ನುತ್ತಿದ್ದರು. ನಾನು ಬಂದ ವಾರದಲ್ಲೇ ನನಗೆ ‘ದಿಲ್ಲಿ ಅಜ್ಜ’ ಎಂದು ಹೆಸರಿಟ್ಟರು.

ಆ ಕೋಣೆಯಲ್ಲಿ ಎಲ್ಲರೂ ಒಟ್ಟಿಗೇ ಮಾತನಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಸದನದ ನಿಯಮಗಳನ್ನು ಜಾರಿಗೆ ತಂದೆ. ಅಕ್ಕ ಸಭಾಪತಿ. ಮಾತನಾಡಬೇಕಾದವರು ಕೈಯೆತ್ತಿ, ಅಪ್ಪಣೆ ಪಡೆದು, ಎದ್ದು ನಿಂತು ಹೇಳಬೇಕು. ಒಬ್ಬರು ನಿಂತಿರುವಾಗ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ. ಅವರ ಮಾತು ನಿಮಗೂ ಒಪ್ಪಿಗೆಯಾದರೆ ಎದ್ದು ‘ನಾನೂ ಜೊತೆಗೂಡತೇನಿ’ ಎಂದು ಹೇಳಿ ಕುಳಿತುಕೊಳ್ಳಿ. ಮೊದಲ ದಿನವೇ ಒಬ್ಬ ಹುಡುಗ ಗಂಭೀರವಾಗಿ ಎದ್ದು ನಿಂತ.

“ಅಕ್ಕೋರ, ಗ್ವಾಡಿ ಮ್ಯಾಲಿನ ಹಲ್ಲಿ ಮುಂಜಾನಿಂದ ನನ್ನ ನೋಡಾಕತ್ತೈತ್ರಿ.”

“ನಾನೂ ಜೊತೆಗೂಡತೇನ್ರಿ!”

“ನಾನೂ ಜೊತೆಗೂಡತೇನ್ರಿ ಅಕ್ಕೋರ, ನನ್ನೂ ನೋಡಾಕತ್ತೈತಿ!”

“ಸುಳ್ಳ್ರೀ, ಅಕಿನ್ನ ನೋಡಿಲ್ಲ, ನಾ ನೋಡೇನಿ!”

ಅಕ್ಕ ಕೋಲಿನಿಂದ ಮೇಜು ಕುಟ್ಟಿದಳು. “ಹಲ್ಲಿ ವಿಷಯ ದಾಖಲೆಗೆ ಹೋಗಂಗಿಲ್ಲ. ಎಲ್ಲಾರೂ ಕೂಡ್ರಿ.” ಆಮೇಲೆ ನನ್ನತ್ತ ತಿರುಗಿ, “ಇಷ್ಟು ವರ್ಷ ಇದನ್ನ ಬರಕೊಂಡೇನೋ ತಮ್ಮಾ ನೀ?” ಎಂದಳು. ಅವಮಾನವಾಯಿತು.

ಅಂದಿನಿಂದ ಆ ವಾಕ್ಯ ಅವರ ಬಾಯಿಂದ ಇಳಿಯಲಿಲ್ಲ. ಒಬ್ಬಳಿಗೆ ನೀರಡಿಕೆಯಾದರೆ ತರಗತಿಯೆಲ್ಲ ಜೊತೆಗೂಡುತ್ತಿತ್ತು. ರಜೆಗೆ ಊರಿಗೆ ಹೋಗುವಾಗ ಮೊಲೆಂ ದಾಟಿ ಘಟ್ಟ ಹತ್ತುವ ಬಸ್ಸಿನಲ್ಲಿ ಒಂದು ಮಗು ವಾಂತಿ ಮಾಡಿಕೊಂಡರೆ, ಉಳಿದವು ನಾವೂ ಜೊತೆಗೂಡುತ್ತೇವೆಂದು ಎದ್ದು ನಿಂತು ಕಂಡಕ್ಟರನನ್ನು ಗಾಬರಿಪಡಿಸಿದವಂತೆ. ಇದನ್ನೆಲ್ಲ ಬಾಯಿಪಾಠವಾಗಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವಳು ಹೂ ಮಾರುವ ಹೆಂಗಸಿನ ಮಗಳು. ಎರಡು ಜಡೆ, ಒಂದಕ್ಕೆ ಯಾವಾಗಲೂ ರಿಬ್ಬನ್ ಇರುತ್ತಿರಲಿಲ್ಲ.

ಕೆಲವು ವರ್ಷ ಹೀಗೆ ಕಳೆಯಿತು. ಈರುಳ್ಳಿ ವ್ಯಾಪಾರಿ ತೀರಿಕೊಂಡ. ಅವನ ಮಗ ಬಂದು, ಗೋದಾಮು ಕೆಡವಿ ಅಂಗಡಿ ಕಟ್ಟಿಸುವುದಾಗಿಯೂ, ಚೌತಿ ಕಳೆದ ಕೂಡಲೇ ಕೋಣೆ ಖಾಲಿ ಮಾಡಬೇಕೆಂದೂ ಹೇಳಿದ. ಹೇಳುವಾಗ ಅಕ್ಕ ನಿಂತಿದ್ದಳು, ಅವನು ಅವಳ ಕುರ್ಚಿಯಲ್ಲಿ ಕುಳಿತಿದ್ದ. ನಮಗೆ ಬೇಕಾದದ್ದು ದೊಡ್ಡದೇನಲ್ಲ. ಇರುವ ಯಾವುದಾದರೂ ಶಾಲೆಯಲ್ಲಿ ಮಧ್ಯಾಹ್ನದ ಮೇಲೆ ಒಂದು ಕೋಣೆ, ಮತ್ತು ಅಕ್ಕನ ನಂತರವೂ ಪಾಠ ನಡೆಯುವಂತೆ ಒಂದು ಕನ್ನಡ ಶಿಕ್ಷಕರ ಹುದ್ದೆ. ಎಷ್ಟು ಬಾಗಿಲು ತಟ್ಟಿದೆವೋ. ಒಂದು ಕಡೆ ಒಬ್ಬ ಗುಮಾಸ್ತ ತಲೆಯೆತ್ತದೆಯೇ, ಕನ್ನಡ ಬೇಕಿದ್ದವರು ಕರ್ನಾಟಕದಲ್ಲೇ ಇರಬಹುದಿತ್ತಲ್ಲ ಎಂದ. ಅವನು ಕುಳಿತಿದ್ದ ಕಟ್ಟಡದ ಕಲ್ಲನ್ನು ಹೊತ್ತವರು ಯಾರೆಂದು ನಾನು ಕೇಳಿದೆ. ಅಕ್ಕ ನನ್ನ ತೋಳು ಹಿಡಿದು ಹೊರಗೆ ಎಳೆದಳು.

ಆಗ ಮೇಲ್ಮನೆಯ ಒಬ್ಬ ಸದಸ್ಯರು ಗೋವೆಗೆ ಬರುವ ಸುದ್ದಿ ಸಿಕ್ಕಿತು. ನಮ್ಮ ಕಡೆಯವರು. ಎರಡನೆಯ ಅವಧಿಗೆ ಆರಿಸಿ ಬಂದವರು. ಅವರು ಮೊದಲ ಸಲ ಸದನದಲ್ಲಿ ಮಾತನಾಡಿದ ದಿನ ಮೇಜಿನ ಬದಿಗಿದ್ದವನು ನಾನೇ. ಯಾರದೋ ಮದುವೆಗೆ ಬಂದವರನ್ನು ಅಕ್ಕ ಹಟ ಹಿಡಿದು ಗೋದಾಮಿಗೆ ಕರೆಸಿದಳು. ಬೆಳಿಗ್ಗೆ ಬರುವವರು, ಮೊಲೆಂ ಹತ್ತಿರ ಲಾರಿಗಳು ಸಾಲುಗಟ್ಟಿದ್ದವೆಂದು ಮಧ್ಯಾಹ್ನ ಮೀರಿಸಿ ಬಂದರು. ಅಲ್ಲಿಯವರೆಗೆ ಮಕ್ಕಳು ಉಣ್ಣದೆ ಕುಳಿತಿದ್ದರು. ಅಕ್ಕ ಅವಲಕ್ಕಿಯ ತಾಟು ಹಿಡಿದು ಎದುರಿಗೆ ನಿಂತೇ ಇದ್ದಳು. ಅವರು ಮೊಬೈಲ್ ನೋಡುತ್ತಲೇ ಎಲ್ಲವನ್ನೂ ಕೇಳಿದರು. ಆದರೂ ನ್ಯಾಯವಾಗಿ ಹೇಳಬೇಕು, ಕೊನೆಗೆ ತಲೆಯೆತ್ತಿದಾಗ ಅವರ ಕಣ್ಣು ಸ್ವಲ್ಪ ಒದ್ದೆಯಾಗಿತ್ತು.

“ತಾಯೀ, ಈ ವಿಷಯ ನಾನ ಸದನದಾಗ ಎತ್ತತೇನ್ರಿ. ವಿಶೇಷ ಪ್ರಸ್ತಾಪ ಅಂತ ಮಾಡತೇನಿ. ಮತ್ತ ಕನ್ನಡದಾಗನ ಮಾತಾಡತೇನಿ.”

“ನಾನೂ ಜೊತೆಗೂಡತೇನ್ರಿ!” ಎಂದು ರಿಬ್ಬನ್ ಇಲ್ಲದ ಜಡೆಯವಳು ಎದ್ದು ನಿಂತಳು. ಅವಳ ಹಿಂದೆ ತರಗತಿಯೆಲ್ಲ ಎದ್ದಿತು. ಸದಸ್ಯರು ನಕ್ಕುಬಿಟ್ಟರು.

“ಅಬಬಬಾ! ಇದನ್ನ ಯಾರ ಕಲಿಸ್ಯಾರ್ರಿ ಇವಕ್ಕ?”

“ನನ್ನ ತಮ್ಮರೀ. ನಿಮ್ಮ ಸದನದಾಗನ ಇದ್ದಾಂವ. ನಿಮ್ಮ ಮಾತು ಬರಕೊಂಡಾನ” ಎಂದಳು ಅಕ್ಕ, ಹೆಮ್ಮೆಯಿಂದ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ವರ್ಷಗಟ್ಟಲೆ ಅವರ ಕಣ್ಣೆದುರಿಗೇ ಕುಳಿತಿದ್ದವನು ನಾನು. “ಹೌದೇನ್ರಿ? ಟೈಪಿಂಗ್ ಸೆಕ್ಷನ್‌ನ್ಯಾಗ ಇದ್ರೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾರು ಹತ್ತಿದರು.

ವಿಶೇಷ ಪ್ರಸ್ತಾಪಕ್ಕೆ ಕಟ್ಟುನಿಟ್ಟಾದ ಕ್ರಮವಿದೆ. ಮೊದಲೇ ಬರೆದು ಕೊಡಬೇಕು; ಸಭಾಪತಿಗಳು ಒಪ್ಪಬೇಕು; ಒಪ್ಪಿದ ಪಠ್ಯವನ್ನಷ್ಟೇ ಓದಬೇಕು. ಪದಗಳಿಗೂ ಮಿತಿ. ಕನ್ನಡದಲ್ಲಿ ಓದುವುದಾದರೆ ಮುಂಚಿತವಾಗಿ ತಿಳಿಸಬೇಕು, ಅನುವಾದಕರು ಗಾಜಿನ ಗೂಡಿನಲ್ಲಿ ಬಂದು ಕೂರಲಿಕ್ಕೆ. ಈ ಎಲ್ಲವನ್ನೂ ಬಲ್ಲವನೆಂದು ಪಠ್ಯವನ್ನು ನಾನೇ ಸಿದ್ಧಪಡಿಸಿದೆ. ಅಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ ಹೇಳುತ್ತಾ ಹೋದಳು, ನಾನು ಕತ್ತರಿಸುತ್ತಾ ಹೋದೆ. ಈರುಳ್ಳಿ ವಾಸನೆ ಬೇಡವೆಂದೆ. ಮಳೆಗಾಲದಲ್ಲಿ ಸೋರುವ ಸೂರು ಬೇಡವೆಂದೆ. ಒಂದು ಮಾತನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ.

“ಮನ್ಯಾಗ ಯಾವ ಭಾಷಾದಾಗ ಅಳತಾವೋ, ಸಾಲ್ಯಾಗ ಅದ ಭಾಷಾದಾಗ ಎದ್ದು ನಿಂತು ಕೇಳಲಿ. ಇಷ್ಟು ಬರಿ.”

“ಅಕ್ಕ, ಸದನದೊಳಗ ಹಿಂಗ ಯಾರೂ ಬರಿಯೋದಿಲ್ಲ.”

“ಅದಕ್ಕ ಅಲ್ಲಿ ಯಾರೂ ಕೇಳೋದಿಲ್ಲ. ಬರಿ.”

ಬರೆದೆ. ನನ್ನ ಜೀವನದಲ್ಲಿ ನಾನು ಬರೆದುಕೊಂಡ ವಾಕ್ಯಗಳಲ್ಲಿ ಅದಕ್ಕಿಂತ ನೆಟ್ಟಗೆ ನಿಂತ ವಾಕ್ಯ ಇನ್ನೊಂದಿಲ್ಲ. ದಿಲ್ಲಿಗೆ ಕಳಿಸಿದ ಮೇಲೆ, ಕನ್ನಡಕ್ಕೆ ಮುಂಚಿತವಾಗಿ ತಿಳಿಸಲು ಮರೆಯಬೇಡಿರೆಂದು ಸದಸ್ಯರ ಸಹಾಯಕನಿಗೆ ಫೋನು ಮಾಡಿದೆ. “ಸಾಹೇಬ್ರಿಗೆ ಎಲ್ಲಾ ಗೊತ್ತೈತಿ ಅಜ್ಜಾರ. ನೀವು ಆರಾಮ ಇರ್ರಿ” ಎಂದು ಅವನು ನನ್ನ ಮಾತು ಮುಗಿಯುವ ಮೊದಲೇ ಇಟ್ಟುಬಿಟ್ಟ.

ಪ್ರಸ್ತಾಪ ಒಪ್ಪಿತವಾಯಿತು. ದಿನವೂ ಗೊತ್ತಾಯಿತು. ಮುಂಗಾರು ಅಧಿವೇಶನ, ಚೌತಿ ಇನ್ನೇನು ಬಂದಿತ್ತು. ಅಕ್ಕ ತರಗತಿಯನ್ನೆಲ್ಲ ಮನೆಗೆ ಕರೆದಳು. ದಿಲ್ಲಿಯಲ್ಲಿ ನಮ್ಮ ಮಾತು ಕನ್ನಡದಲ್ಲಿ ಕೇಳಿಸುತ್ತದೆ, ಟಿವಿಯಲ್ಲಿ ನೋಡೋಣ ಎಂದಿದ್ದಳು. ಹೊರಗೆ ಮಳೆ. ಒದ್ದೆ ಚಪ್ಪಲಿಗಳು ಮೆಟ್ಟಿಲುಗಳ ಮೇಲೆ ಕೆಳಗಿನವರೆಗೂ ಇಳಿದಿದ್ದವು. ನಮ್ಮ ಕಟ್ಟಡದ ಸೊಸೈಟಿಯ ಕಾರ್ಯದರ್ಶಿ ಬಾಗಿಲಿಗೆ ಬಂದು, ಈ ಘಾಟಿಗಳನ್ನೆಲ್ಲ ಮೆಟ್ಟಿಲು ಹತ್ತಿಸಲು ಯಾರು ಹೇಳಿದರು ಎಂದು ಕೇಳಿದ. ಘಟ್ಟದ ಮೇಲಿನಿಂದ ಬಂದವರನ್ನು ಅಲ್ಲಿ ಕರೆಯುವ ಪದ ಅದು. ಅದನ್ನು ಹೇಗೆ ಉಚ್ಚರಿಸುತ್ತಾರೆಂಬುದನ್ನು ಕೇಳಿಯೇ ತಿಳಿಯಬೇಕು. ಅಕ್ಕ ಇಳಕಲ್ ಸೀರೆಯ ಸೆರಗು ಸರಿಪಡಿಸಿಕೊಂಡು, “ನಾನೂ ಘಾಟೀನರೀ. ಒಳಗ ಬರ್ರಿ, ಚಹಾ ಕುಡೀರಿ” ಎಂದಳು. ಅವನು ಬರಲಿಲ್ಲ.

ಹನ್ನೊಂದಕ್ಕೆ ಸದನ ಸೇರಿತು. ಮಕ್ಕಳು ನೆಲದ ಮೇಲೆ ಸಾಲಾಗಿ ಕುಳಿತಿದ್ದರು, ಕೈಯಲ್ಲಿ ಪಾವ್ ಬ್ರೆಡ್ಡಿನ ತುಂಡುಗಳು. ನಾನು ಪೀಠ, ಆಸನ, ಮೇಜು, ವರದಿಗಾರರು ಎಂದು ಒಂದೊಂದನ್ನೇ ತೋರಿಸಿದೆ. ನನ್ನ ಹಳೆಯ ಕುರ್ಚಿಯಲ್ಲಿ ಯಾರೋ ಎಳೆಯನೊಬ್ಬ ಕುಳಿತಿದ್ದ. ಪ್ರಶ್ನೋತ್ತರ ಆರಂಭವಾಗುವ ಮೊದಲೇ ಯಾವುದೋ ಹಗರಣದ ಮಾತೆದ್ದು ಗದ್ದಲವಾಯಿತು. ಕಲಾಪವನ್ನು ಮಧ್ಯಾಹ್ನ ಹನ್ನೆರಡಕ್ಕೆ ಮುಂದೂಡಿದರು. ಮಕ್ಕಳು ಕಾದರು. ಹನ್ನೆರಡಕ್ಕೆ ಮಂತ್ರಿಗಳು ಒಬ್ಬೊಬ್ಬರಾಗಿ ಎದ್ದು ಕಾಗದಪತ್ರಗಳನ್ನು ಮೇಜಿನ ಮೇಲಿಟ್ಟರು. ಅಕ್ಕ ಕನ್ನಡಕ ಏರಿಸಿ ಟಿವಿಯ ಹತ್ತಿರ ಬಾಗಿದಳು.

“ಏನೂ ಇಡಲಿಲ್ಲಲ್ಲೋ ತಮ್ಮಾ? ಮೇಜು ಖಾಲೀನ ಅದ.”

“ಇಟ್ಟೆ ಅಂದ್ರ ಇಟ್ಟಂಗ, ಅಕ್ಕ. ಅದು ಪದ್ಧತಿ.”

“ಚಲೋ ಪದ್ಧತಿ. ನಾಳೆ ನಾನೂ ನಿನ್ನ ತಾಟಿನ್ಯಾಗ ಭಕ್ರಿ ಹಾಕಿದೆ ಅಂತೀನಿ.”

ಮಕ್ಕಳು ನಕ್ಕರು. ನಾನೂ ನಕ್ಕೆ. ಮತ್ತೆ ಗದ್ದಲ, ಎರಡು ಗಂಟೆಗೆ ಮುಂದೂಡಿದರು. ಅಕ್ಕ ಎಲ್ಲರಿಗೂ ಅನ್ನ ಸಾರು ಬಡಿಸಿದಳು. ತುತ್ತು ಕೈಯಲ್ಲಿ ಹಿಡಿದೇ ಕೆಲವರು ಟಿವಿಯ ಕಡೆಗೆ ತಿರುಗಿ ತಿರುಗಿ ನೋಡುತ್ತಿದ್ದರು, ತಾವು ಉಣ್ಣುವಾಗ ಎಲ್ಲಿ ಹೇಳಿಬಿಡುತ್ತಾರೋ ಎಂದು.

ಎರಡಕ್ಕೆ ಉಪಸಭಾಪತಿಗಳು ಪೀಠಕ್ಕೆ ಬಂದರು. ಕ್ಯಾಮೆರಾ ಒಂದು ಕ್ಷಣ ನಮ್ಮ ಸದಸ್ಯರ ಮೇಲೆ ನಿಂತಿತು. ಅವರು ಎದ್ದು ನಿಂತಿದ್ದರು. ಕೈಯಲ್ಲಿ ಒಂದು ಹಾಳೆ.

“ಅಕ್ಕೋರ! ನಮ್ಮ ಸಾಹೇಬ್ರು ಎದ್ದ್ರು!”

“ಏ ಸುಮ್ಕಿರ್ರೋ, ಕೇಳ್ರಿ!”

ಅವರು ಬಾಯಿ ತೆರೆದರು. ಮಾತು ಕೇಳಿಸಲಿಲ್ಲ. ಅವರ ಅಕ್ಕಪಕ್ಕದವರೂ ಎದ್ದಿದ್ದರು, ಎಲ್ಲರೂ ಕೈಬೀಸಿ ಏನನ್ನೋ ಕೂಗುತ್ತಿದ್ದರು, ಮತ್ತು ಆಸನಗಳ ನಡುವಿನಿಂದ ಇಳಿದು ಪೀಠದ ಮುಂದೆ ಬರುತ್ತಿದ್ದರು. ನಮ್ಮ ಸದಸ್ಯರೂ ಇಳಿದರು. ಕೈಯಲ್ಲಿದ್ದ ಹಾಳೆ ನಮ್ಮ ಪ್ರಸ್ತಾಪವಲ್ಲ. ಅವರ ಪಕ್ಷದ ಘೋಷಣೆ ಬರೆದ ಹಾಳೆ. ನನಗೆ ಅರ್ಥವಾಯಿತು. ಮಕ್ಕಳಿಗೆ ಆಗಲಿಲ್ಲ. ಎದ್ದು ನಿಂತವರು ತಮ್ಮ ವಿಷಯವನ್ನೇ ಹೇಳುತ್ತಿದ್ದಾರೆ, ಇಷ್ಟೊಂದು ಜನ ಕೂಗುತ್ತಿರುವುದು ತಮಗಾಗಿಯೇ ಎಂದು ಅವರು ತಿಳಿದರು. ಹೂವಿನವಳ ಮಗಳು ತಾಟು ಬದಿಗೆ ಸರಿಸಿ ಎದ್ದು ನಿಂತಳು.

“ನಾನೂ ಜೊತೆಗೂಡತೇನ್ರಿ!”

ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಅಷ್ಟು ಕ್ರಮವಾಗಿ, ಒಬ್ಬರು ಕುಳಿತ ಮೇಲೆ ಇನ್ನೊಬ್ಬರು. ನಾನು ಕಂಡ ಯಾವ ಸದನವೂ ಅಷ್ಟು ಶಿಸ್ತಿನಿಂದ ನಡೆದುಕೊಂಡದ್ದಿಲ್ಲ. ಅನ್ನ ಮೆತ್ತಿದ ಕೈಗಳನ್ನು ಬದಿಗೆ ಹಿಡಿದುಕೊಂಡು, ಟಿವಿಯನ್ನು ನೋಡುತ್ತಾ, ನಾನೂ ಜೊತೆಗೂಡತೇನ್ರಿ, ನಾನೂ ಜೊತೆಗೂಡತೇನ್ರಿ. ಟಿವಿಯೊಳಗಿನಿಂದ ಉಪಸಭಾಪತಿಗಳ ಧ್ವನಿ ಬಂತು: ಏನೂ ದಾಖಲೆಗೆ ಹೋಗುವುದಿಲ್ಲ. ಈ ದಿನದ ವಿಶೇಷ ಪ್ರಸ್ತಾಪಗಳನ್ನು ಸದನದ ಮೇಜಿನ ಮೇಲೆ ಇಟ್ಟಂತೆ ಭಾವಿಸಲಾಗುವುದು. ಸದನ ನಾಳೆಗೆ.

ಪರದೆಯ ಮೇಲೆ ಖಾಲಿ ಆಸನಗಳು ಉಳಿದವು. ಅಕ್ಕ ನನ್ನನ್ನು ನೋಡಿದಳು. ಮಕ್ಕಳಿಗೆ ಕೇಳಿಸದಂತೆ ಕೇಳಿದಳು.

“ಅಂದ್ರ?”

“ಓದಿದಂಗ ಅಂತ ತಿಳೀತಾರ. ಮುದ್ರಣ ಆಗ್ತದ.”

“ಓದಿದಂಗ.” ಅವಳು ಮಕ್ಕಳ ಕಡೆ ತಿರುಗಿದಳು. “ಹಂಗಾದ್ರ ಇವೂ ಸಾಲಿ ಕಲ್ತಂಗ ಅಂತ ತಿಳಿಯೋಣೇನು?”

ಹೂವಿನವಳ ಮಗಳು ಬಂದು ಅಕ್ಕನ ಸೆರಗು ಹಿಡಿದಳು. “ಅಕ್ಕೋರ, ನಮ್ಮದು ಹೇಳಿದ್ರಾ?”

“ಹೇಳಿದ್ರವ್ವಾ.”

“ಕನ್ನಡದಾಗ?”

“ಕನ್ನಡದಾಗನ. ಹೋಗು, ಕೈ ತೊಳ್ಕೊ.”

ಅಕ್ಕನ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ. ಮಕ್ಕಳು ಮಳೆಯಲ್ಲಿ ಕೇಕೆ ಹಾಕುತ್ತಾ ಮೆಟ್ಟಿಲಿಳಿದು ಹೋದರು. ಆ ಸಂಜೆ ಅಕ್ಕ ಇಳಕಲ್ ಸೀರೆಯನ್ನು ಮಡಿಸಿಡಲಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಹಾಗೆಯೇ ಬಿಟ್ಟಳು. ಅವಳು ಹಾಗೆ ಬಿಡುವವಳಲ್ಲ.

ಸದಸ್ಯರಿಗೆ ಫೋನು ಮಾಡಿದೆ. ಸಿಗಲಿಲ್ಲ. ಸಹಾಯಕ ಸಿಕ್ಕು, “ಆಗೇತಲ್ಲರೀ ಅಜ್ಜಾರ, ಮೇಜಿನ ಮ್ಯಾಲೆ ಬಂದೈತಿ, ಇನ್ನೇನ ಬೇಕು?” ಎಂದ. ಹಳೆಯ ಸಹೋದ್ಯೋಗಿಯೊಬ್ಬರು ಮುದ್ರಿತ ಪುಟದ ನಕಲು ಕಳಿಸಿಕೊಟ್ಟರು. ಪ್ರಸ್ತಾಪ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ಯಾರೂ ಮುಂಚಿತವಾಗಿ ತಿಳಿಸಿರಲೇ ಇಲ್ಲ. ಸಹಾಯಕನೇ ಅನುವಾದಿಸಿ ಕೊಟ್ಟಿದ್ದನಂತೆ. ಅಕ್ಕ ಓದಿ ಹೇಳೆಂದಳು. ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ: ವಲಸೆ ಕುಟುಂಬಗಳ ಮಕ್ಕಳ ಶೈಕ್ಷಣಿಕ ಅಗತ್ಯಗಳ ಕಡೆಗೆ ಸರ್ಕಾರ ಗಮನ ಹರಿಸಬೇಕು, ಇತ್ಯಾದಿ.

“ನನ್ನ ಮಾತು?”

“ಇಲ್ಲ.”

“ಎಲ್ಲೂ ಇಲ್ಲೇನು?”

“ಇಲ್ಲ ಅಕ್ಕ.”

“ಹೋಗಲಿ ಬಿಡು” ಎಂದು ಅವಳು ಹುಳಿಗೆ ಒಗ್ಗರಣೆ ಹಾಕಲು ಎದ್ದಳು. ಅದೇ ಪುಟದಲ್ಲಿ ಮೇಲಿನ ಪ್ರಸ್ತಾಪದ ಕೆಳಗೆ, ಚೀಟಿ ಬರೆದು ಕಳಿಸಿ ಜೊತೆಗೂಡಿದವರ ಹೆಸರುಗಳು ಸಾಲಾಗಿದ್ದವು. ನಮ್ಮದರ ಕೆಳಗೆ ಏನೂ ಇರಲಿಲ್ಲ. ಅವಳು ನೋಡುವ ಮೊದಲೇ ಪುಟವನ್ನು ಮಡಿಸಿ ಒಳಗಿಟ್ಟೆ.

ಚೌತಿ ಕಳೆಯಿತು. ಗೋದಾಮು ಬಿತ್ತು. ಅಕ್ಕ ಕೆಲವು ತಿಂಗಳು ನಮ್ಮ ಮನೆಯ ಮೆಟ್ಟಿಲ ಮೇಲೆಯೇ ಮಕ್ಕಳನ್ನು ಕೂರಿಸಿ ಕಲಿಸಿದಳು; ಮೇಲಿನ ಮೆಟ್ಟಿಲಲ್ಲಿ ದೊಡ್ಡವರು, ಕೆಳಗೆ ಚಿಕ್ಕವರು. ಕಾರ್ಯದರ್ಶಿ ಸೊಸೈಟಿಯ ಸಭೆ ಕರೆದ. ಆ ಸಭೆಯಲ್ಲಿ ಒಬ್ಬರಾದರೂ ನಮ್ಮ ಪರವಾಗಿ ಏಳುತ್ತಾರೆಂದು ಕಾದೆ. ಅಕ್ಕನ ಕೈಯ ಹೋಳಿಗೆ ತಿಂದವರು ಅಲ್ಲಿದ್ದರು. ಅವಳು ರಾತ್ರಿಯಿಡೀ ಕುಳಿತು ಶುಶ್ರೂಷೆ ಮಾಡಿದ್ದ ಬಾಣಂತಿಯ ಗಂಡ ಅಲ್ಲಿದ್ದ. ಯಾರೂ ಏಳಲಿಲ್ಲ. ಮಕ್ಕಳು ಬರುವುದು ನಿಂತಿತು. ಕೆಲವರು ಬೇರೆ ಭಾಷೆಯ ಶಾಲೆಗಳಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತರು, ಕೆಲವರು ಕೊರ್ಲಿಮ್ ಕಡೆ ಅಪ್ಪಂದಿರ ಕೆಲಸ ಇದ್ದಲ್ಲಿಗೆ ಹೋದರು, ಕೆಲವರು ಎಲ್ಲಿಗೂ ಹೋಗಲಿಲ್ಲ. ಹನ್ನೊಂದು ಗಂಟೆಗೆ ಟಿವಿ ಹಾಕುವುದನ್ನು ನಾನೂ ಬಿಟ್ಟೆ.

ಮುಂದಿನ ವರ್ಷ ಶ್ರಾವಣದಲ್ಲಿ ಅಕ್ಕ ಹೋದಳು. ಹೃದಯ ನಿಂತಿತು ಎಂದರು ವೈದ್ಯರು. ಅದು ಯಾವಾಗ ನಿಂತಿತೆಂದು ನನಗೆ ಗೊತ್ತಿತ್ತು. ಅವಳ ವಿಷಯ ತಿಳಿಸಿದ್ದಕ್ಕೆ ಸದಸ್ಯರಿಂದ ಉತ್ತರ ಬರಲಿಲ್ಲ. ಅವರ ಮಗಳ ಮದುವೆಯ ಕರೆಯೋಲೆ ಮಾತ್ರ ಅಕ್ಕನ ಹೆಸರಿಗೇ ಬಂತು. ಅದಾದ ಮೇಲೆ ದಿಲ್ಲಿಯ ಸಚಿವಾಲಯ ಆ ಪ್ರಸ್ತಾಪಕ್ಕೆ ಕೊಟ್ಟ ಉತ್ತರದ ಪ್ರತಿಯೂ ಬಂತು. ವಿಷಯ ರಾಜ್ಯಕ್ಕೆ ಸಂಬಂಧಿಸಿದ್ದು, ಸೂಕ್ತ ಕ್ರಮಕ್ಕೆ ಕಳಿಸಲಾಗಿದೆ ಎಂದಿತ್ತು. ಸದನದಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಸದಸ್ಯರೆಲ್ಲ ಎದ್ದು ಮೌನವಾಗಿ ನಿಲ್ಲುತ್ತಾರೆ. ನಾವೂ ಪೆನ್ಸಿಲ್ ಕೆಳಗಿಟ್ಟು ನಿಲ್ಲುತ್ತಿದ್ದೆವು. ಎಷ್ಟೋ ಅಪರಿಚಿತರಿಗಾಗಿ ಹಾಗೆ ನಿಂತಿದ್ದೇನೆ. ಅಕ್ಕನನ್ನು ಒಯ್ಯುವಾಗ ಮೆಟ್ಟಿಲುಗಳ ಮೇಲೆ ಬಾಗಿಲುಗಳು ಮುಚ್ಚಿದ್ದವು.

ಮೂರ್ನಾಲ್ಕು ವರ್ಷಗಳ ನಂತರ, ಒಂದು ಶುಕ್ರವಾರದ ಸಂತೆಯಲ್ಲಿ, ಅಕ್ಕನ ಶ್ರಾದ್ಧಕ್ಕೆ ಹೂ ಕೊಳ್ಳಲು ಹೋಗಿದ್ದೆ. ಚೆಂಡುಹೂವಿನ ರಾಶಿಯ ಹಿಂದೆ ಕುಳಿತ ಹೆಂಗಸು ನನ್ನನ್ನು ಗುರುತಿಸಿದಳು. “ದಿಲ್ಲಿ ಅಜ್ಜಾರಲ್ಲೇನ್ರಿ? ಬರ್ರಿ, ಬರ್ರಿ. ಏ ಹುಡುಗಿ, ನೋಡ ಯಾರ ಬಂದಾರ!” ಅವಳ ಪಕ್ಕದಲ್ಲಿ ಮಗಳು ಹೂ ಕಟ್ಟುತ್ತಿದ್ದಳು. ಒಂದೇ ಜಡೆ ಈಗ. ಬೆರಳುಗಳು ಎಷ್ಟು ವೇಗವಾಗಿ ಓಡುತ್ತಿದ್ದವೆಂದರೆ, ನನ್ನ ಯೌವನದ ಶೀಘ್ರಲಿಪಿ ನೆನಪಾಯಿತು. ಹೇಗಿದ್ದೀಯವ್ವಾ ಎಂದು ಕೇಳಿದೆ. ಅವಳು ಕೊಂಕಣಿಯಲ್ಲಿ, ‘ಬರೀ ಆಂ, ಬರೀ’, ಚೆನ್ನಾಗಿದ್ದೇನೆ, ಎಂದಳು.

“ಅಜ್ಜಾರ ಕೂಡ ಕನ್ನಡದಾಗ ಮಾತಾಡ ನಿನ್ನ!” ಎಂದು ತಾಯಿ ಗದರಿದಳು. ಮತ್ತೆ ನನಗೆ, “ಮರತಾಳ್ರಿ. ಹಗಲೆಲ್ಲಾ ಸಂತ್ಯಾಗ ಇರತಾಳಲ್ರಿ, ಬರೇ ಕೊಂಕಣಿ, ಹಿಂದಿ. ಓದೂದಂತೂ ಅವತ್ತ ನಿಂತ್ತ್ರಿ.”

ಹುಡುಗಿ ನಾಚಿಕೊಂಡು ತಲೆ ತಗ್ಗಿಸಿದಳು. ನಾನು ಹೂ ಆರಿಸುತ್ತಿದ್ದೆ. ತಾಯಿ ಬಾಳೆಲೆಯಲ್ಲಿ ಹೂ ಕಟ್ಟುತ್ತಾ, ಯಾರಿಗೆ ಎಂದು ಕೇಳದೆಯೇ ತಿಳಿದುಕೊಂಡಳು.

“ಅಕ್ಕೋರಿಗೇನ್ರಿ? ರೊಕ್ಕ ಬ್ಯಾಡ್ರಿ. ಅಂಥಾಕಿ ಇನ್ನೊಬ್ಬಾಕಿ ಹುಟ್ಟೂದಿಲ್ಲ್ರಿ. ಭಾಳ ಚಲೋ ಇದ್ದ್ರು, ಖರೇನ ಭಾಳ ಚಲೋ ಇದ್ದ್ರು.”

ಹುಡುಗಿಯ ಕೈಗಳು ನಿಂತವು. ಮಡಿಲಿನ ಹೂಗಳನ್ನು ಬದಿಗೆ ಸರಿಸಿ ಅವಳು ಎದ್ದು ನಿಂತಳು. ಸಂತೆಯ ಗದ್ದಲದ ನಡುವೆ, ನನ್ನನ್ನಲ್ಲ, ಎದುರಿನ ಎಲ್ಲೋ ಒಂದು ಕಡೆ ನೋಡುತ್ತಾ, ಒಂದೊಂದೇ ಪದವನ್ನು ಹುಡುಕಿ ತೆಗೆಯುವಂತೆ ಹೇಳಿದಳು.

“ನಾನೂ... ಜೊತೆಗೂಡತೇನ್ರಿ.”

ಹೇಳಿ ಕುಳಿತು, ಮತ್ತೆ ಹೂ ಕಟ್ಟತೊಡಗಿದಳು. ಅವಳಲ್ಲಿ ಉಳಿದಿದ್ದ ಕನ್ನಡ ಬಹುಶಃ ಅಷ್ಟೇ.

ಮನೆಗೆ ಬಂದು ಆ ಮುದ್ರಿತ ಪುಟವನ್ನು ತೆಗೆದೆ. ನಮ್ಮ ಪ್ರಸ್ತಾಪದ ಕೆಳಗೆ ಬಿಳಿಯ ಜಾಗ ಹಾಗೆಯೇ ಇತ್ತು. ಪೆನ್ಸಿಲ್ ಹತ್ತಿರದಲ್ಲೇ ಇತ್ತು. ಬರೆಯಲಿಲ್ಲ, ಆ ದಾಖಲೆಗೆ ನನ್ನ ಕೈಯಿಂದ ಒಂದು ಪದವನ್ನೂ ಸೇರಿಸಿದವನಲ್ಲ ನಾನು. ಇದು ಸದನದ ದಾಖಲೆಯಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆ ಮಧ್ಯಾಹ್ನ ಎರಡು ಗಂಟೆಯ ನಂತರ, ಮ್ಹಾಪಸಾದ ಒಂದು ಮನೆಯಲ್ಲಿ, ಅನ್ನದ ಕೈಯಲ್ಲಿ ಎದ್ದು ನಿಂತು, ಆ ಮಕ್ಕಳೆಲ್ಲರೂ ಜೊತೆಗೂಡಿದ್ದರು. ನನ್ನ ಅಕ್ಕ ಪೀಠದಲ್ಲಿದ್ದಳು.